ಹತ್ತು ರೂಪಾಯಿಯ ಬೋಲ್ಟು, ಹತ್ತು ಮಂದಿಯ ಜೀವ

ಬೋಲ್ಟು, ನಟ್ಟು, ವಾಷರ್ ಎಂದರೆ ಗಂಡಸರ ವಿಷಯ, ಸೌಟು ಹಿಡಿಯುವ ಕೈಗೆ ಪಾನಾದ ಗೊಡವೆ ಯಾಕೆ ಅಂತ ಪುಟ ತಿರುವಬೇಡಿರಿ. ಮನೆಯಲ್ಲಿ ಒಂದು ಹಳೇ ಕಾರೋ, ಜೀಪೋ, ಬಾಡಿಗೆಗೆ ಓಡುವ ಕ್ರೂಸರ್ ಗಾಡಿಯೋ ಇದ್ದರೆ ಅದರ ರಿಪೇರಿಯ ದುಡ್ಡು ಹೋಗುವುದು ನಮ್ಮ ಸಂಸಾರದ ಖರ್ಚಿನಿಂದಲೇ. ಅದರಲ್ಲಿ ಕೂತು ಹೋಗುವವರೂ ನಮ್ಮ ಮಂದಿಯೇ. ಸೀರೆ ಕೊಳ್ಳುವಾಗ ಸೆರಗು ತಿರುವಿ ನೋಡುತ್ತೇವೆ. ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ ನೋಡುತ್ತೇವೆ. ಬೋಲ್ಟನ್ನು ಮಾತ್ರ ಕಣ್ಣು ಮುಚ್ಚಿ ಯಾಕೆ ಕೊಳ್ಳಬೇಕು?

ನಮ್ಮ ಕನ್ನೊಳ್ಳಿಯಂಥ ಊರುಗಳಲ್ಲಿ ಗಾಡಿ ಕೆಟ್ಟರೆ ಸಿಂದಗಿಗೆ ಓಡಬೇಕು, ಅಲ್ಲಿ ಸಿಗದಿದ್ದರೆ ವಿಜಯಪುರಕ್ಕೆ. ಹೋಗುವವರು ಒಮ್ಮೊಮ್ಮೆ ಮನೆಯವರು, ಒಮ್ಮೊಮ್ಮೆ ಮಗ, ಒಮ್ಮೊಮ್ಮೆ ಸಂತೆಗೆ ಹೊರಟ ನಾವೇ. “ಬರುವಾಗ ನಾಲ್ಕು ಬೋಲ್ಟು ತಗೊಂಡು ಬಾ” ಅಂತ ಹೇಳುವವರಿಗೆ ಅದು ಸಣ್ಣ ಮಾತು. ಎಂಥ ಬೋಲ್ಟು ಅಂತ ಗೊತ್ತಿಲ್ಲದವರಿಗೆ ಅಂಗಡಿಯವರು ಕೈಗೆ ಸಿಕ್ಕದ್ದನ್ನು ಕೊಟ್ಟು ಕಳಿಸುತ್ತಾರೆ. ಆದ್ದರಿಂದ ಇದನ್ನು ನಾವೂ ತುಸು ತಿಳಿದಿರುವುದು ಒಳ್ಳೆಯದು. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಮಗ್ಗಿ ಬಂದರೆ ಸಾಕು.

ತಲೆಯ ಮೇಲೆ ಬರೆದಿರುತ್ತದೆ

ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8, 10.9 ಅಥವಾ 12.9 ಎಂಬ ಅಂಕಿ ಒತ್ತಿರುತ್ತದೆ. ಜೊತೆಗೆ ತಯಾರಿಸಿದ ಕಂಪನಿಯ ಗುರುತೂ ಇರುತ್ತದೆ. ಇದು ಬೋಲ್ಟಿನ ಗಟ್ಟಿತನದ ಲೆಕ್ಕ, ದಪ್ಪ ಅಥವಾ ಉದ್ದದ ಅಳತೆ ಅಲ್ಲ.

ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತ ತಡೆದೀತು ಎಂದು ತಿಳಿಯುತ್ತದೆ. 8.8ಕ್ಕೆ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಭಾರ. ಚುಕ್ಕೆಯ ನಂತರದ ಅಂಕಿ ಬೋಲ್ಟು ಯಾವಾಗ ಹಿಗ್ಗಿ ಕೆಡುತ್ತದೆ ಎಂಬುದನ್ನು ಹೇಳುತ್ತದೆ. ಮಕ್ಕಳ ಚಡ್ಡಿಯ ಇಲಾಸ್ಟಿಕ್ ನೋಡಿರಿ. ತುಸು ಎಳೆದು ಬಿಟ್ಟರೆ ತಿರುಗಿ ಮೊದಲಿನಂತಾಗುತ್ತದೆ, ಮಿತಿ ಮೀರಿ ಎಳೆದರೆ ಸಡಿಲಾಗಿಯೇ ಉಳಿಯುತ್ತದೆ. ಬೋಲ್ಟಿಗೂ ಅಂಥ ಮಿತಿ ಇದೆ. 8.8ರ ಬೋಲ್ಟು ಹರಿಯುವ ಭಾರದ ನೂರಕ್ಕೆ 80 ಪಾಲಿನವರೆಗೆ ಹಿಗ್ಗಿ ಕೆಡುವುದಿಲ್ಲ. ಸಾದಾ 4.6ರ ಬೋಲ್ಟು ನೂರಕ್ಕೆ 60ಕ್ಕೇ ಸೋಲುತ್ತದೆ.

ಲೆಕ್ಕ ಹಾಕಿ ನೋಡೋಣ. 8 ಮಿಲಿಮೀಟರ್ ದಪ್ಪದ 4.6 ಬೋಲ್ಟನ್ನು ನೇರವಾಗಿ ಎಳೆದರೆ ಸುಮಾರು ಒಂದೂವರೆ ಟನ್ನಿಗೆ ಹರಿಯುತ್ತದೆ. ಆದರೆ 900 ಕಿಲೋ ಹತ್ತಿರ ಬಂದಾಗಲೇ ಹಿಗ್ಗಿ ಸಡಿಲಾಗಿರುತ್ತದೆ. ಅದೇ ದಪ್ಪದ 8.8 ಹರಿಯುವುದು ಸುಮಾರು ಮೂರು ಟನ್ನಿಗೆ, ಹಿಗ್ಗುವುದು 2,400 ಕಿಲೋ ಹತ್ತಿರ. ಕಣ್ಣಿಗೆ ಎರಡೂ ಅಕ್ಕ-ತಂಗಿಯರ ಹಾಗೆ ಒಂದೇ ತರಹ ಕಾಣುತ್ತವೆ. ಕೆಲಸದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ.

ತಲೆಯ ಮೇಲೆ ಏನೂ ಬರೆದಿಲ್ಲವೇ? ಅದನ್ನು ಸಾದಾ ಬೋಲ್ಟು ಎಂದೇ ತಿಳಿಯಿರಿ, ಅಂಗಡಿಯವರು ಎಷ್ಟೇ ಹೊಗಳಲಿ. ಹಳೇ ಜೀಪಿನಂಥ ಇಂಚಿನ ಅಳತೆಯ ಗಾಡಿಗಳ ಬೋಲ್ಟಿನ ಮೇಲೆ ಅಂಕಿಯ ಬದಲು ಗೆರೆಗಳಿರುತ್ತವೆ. ಮೂರು ಗೆರೆ ಇದ್ದರೆ ಹೆಚ್ಚು ಕಡಿಮೆ 8.8ರ ಜೋಡಿ. ಆರು ಗೆರೆ ಇದ್ದರೆ ಅದಕ್ಕಿಂತ ಗಟ್ಟಿ.

ಬೋಲ್ಟಿನ ಗಟ್ಟಿತನಕ್ಕೆ ನಮ್ಮ ದೇಶದ ಮಾನದಂಡ ಐ.ಎಸ್. 1367. ಡಬ್ಬಿಯ ಮೇಲೆ ಈ ಸಂಖ್ಯೆಯನ್ನೂ ಐ.ಎಸ್.ಐ. ಮುದ್ರೆಯನ್ನೂ ಹುಡುಕಿರಿ. ಈ ಮುದ್ರೆ ಕೊಡುವ ಸಂಸ್ಥೆ 1947ರಲ್ಲಿ ಹುಟ್ಟಿದ್ದು. 1987ರಿಂದ ಅದರ ಹೆಸರು ಭಾರತೀಯ ಮಾನಕ ಬ್ಯೂರೊ ಎಂದಾಗಿದ್ದರೂ ಮುದ್ರೆ ಹಳೇ ಹೆಸರಿನದೇ ಉಳಿದಿದೆ. ನಮ್ಮ ಕುಕ್ಕರಿನ ಮೇಲೆ ನೋಡುವ ಮುದ್ರೆಯೇ ಅದು.

ಹೊಳೆಯುವುದೆಲ್ಲ ಗಟ್ಟಿಯಲ್ಲ

ಸ್ಟೀಲ್ ಪಾತ್ರೆ ಕಂಡ ನಮಗೆ ಥಳಥಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಬಲು ಇಷ್ಟ. ಬೆಲೆಯೂ ಜಾಸ್ತಿ, ಆದ್ದರಿಂದ ಗಟ್ಟಿಯೂ ಜಾಸ್ತಿ ಇರಬೇಕು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ‘ಎ2-70’ ಎಂಬ ಸ್ಟೇನ್‌ಲೆಸ್ ಬೋಲ್ಟಿನ ಶಕ್ತಿ 700. ಕಪ್ಪಗೆ ಕಾಣುವ 8.8ಕ್ಕಿಂತ ಅದು ಕಡಿಮೆ. ಅದರ ಗುಣ ತುಕ್ಕು ಹಿಡಿಯದಿರುವುದು. ನಂಬರ್ ಪ್ಲೇಟಿಗೆ, ಕನ್ನಡಿಗೆ ಧಾರಾಳವಾಗಿ ಹಾಕಿರಿ. ಭಾರ ಹೊರುವ ಕಡೆ ಬೇಡ.

ಹಾಗೆಯೇ ಅತಿ ಗಟ್ಟಿಯದೇ ಅತಿ ಒಳ್ಳೆಯದೂ ಅಲ್ಲ. 8.8 ಇದ್ದ ಜಾಗಕ್ಕೆ 12.9 ಹಾಕುವುದು ದುಡ್ಡು ದಂಡ. ಜೊತೆಗೆ ಹೆಚ್ಚು ಗಟ್ಟಿಯಾದ ಉಕ್ಕು ಬಾಗುವುದು ಕಡಿಮೆ, ಒಮ್ಮೆಲೇ ಮುರಿಯುತ್ತದೆ. ಬಿಚ್ಚಿದ ಬೋಲ್ಟಿನ ತಲೆಯ ಮೇಲೆ ಕಂಪನಿ ಹಾಕಿದ ಅಂಕಿ ಯಾವುದಿತ್ತೋ ಅದನ್ನೇ ತರುವುದು ಜಾಣತನ. ನಟ್ಟೂ ಜೋಡಿಯದೇ ಇರಬೇಕು. 8.8 ಬೋಲ್ಟಿಗೆ 8ರ ನಟ್ಟು, 10.9 ಬೋಲ್ಟಿಗೆ 10ರ ನಟ್ಟು. ಗಟ್ಟಿ ಬೋಲ್ಟಿಗೆ ಮೆತ್ತನೆಯ ನಟ್ಟು ಹಾಕಿದರೆ ಅದರ ತಿರುಪು ಸವೆದು ಕಿತ್ತು ಬರುತ್ತದೆ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ನಮಗೆ ಗೊತ್ತಿರುವವರ ಕ್ರೂಸರ್ ಒಂದಕ್ಕೆ ಆದದ್ದನ್ನು ಹೇಳುತ್ತೇನೆ. ಪರ ಊರಿನ ಒಂದು ಗ್ಯಾರೇಜಿನಲ್ಲಿ ಗಾಡಿಯ ಕೆಳಗಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಕೂಡಿಸಿದರು. ಒಳ್ಳೆಯ ಬೋಲ್ಟಿನ ದುಡ್ಡು ತೆಗೆದುಕೊಂಡು, ತಲೆಯ ಮೇಲೆ ಏನೂ ಇಲ್ಲದ ಸಾದಾ ಬೋಲ್ಟು ಬಿಗಿದು ಕೊಟ್ಟರು. ಕೆಲವೇ ದಿನಗಳಲ್ಲಿ ಮದುವೆಗೆ ಹೊರಟ ಬೀಗರು ಗಾಡಿ ತುಂಬ ಕೂತಿದ್ದಾಗ ನಡುದಾರಿಯಲ್ಲಿ ನಾಲ್ಕೂ ಬೋಲ್ಟು ಕತ್ತರಿಸಿದಂತೆ ತುಂಡಾಗಿ ಶಾಫ್ಟು ರಸ್ತೆಗೆ ಬಡಿಯಿತು. ಎರೆ ಹೊಲದ ನಡುವಿನ ಸಣ್ಣ ರಸ್ತೆ, ಗಾಡಿ ನಿಧಾನ ಇತ್ತು, ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಬಾಡಿಗೆ ಹೋಯಿತು, ಶಾಫ್ಟು ಹೋಯಿತು, ಮರ್ಯಾದೆಯೂ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಹಾಗೆ. ಬೋಲ್ಟಿಗೆ ಹೋಗುವ ಜೀವವಂತೂ ಯಾವ ಬೆಲೆಗೂ ಬಾರದು.

ಆದ್ದರಿಂದ ಗಾಡಿಯ ಬೋಲ್ಟುಗಳನ್ನು ಮೂರು ಪಾಲು ಮಾಡಿಕೊಳ್ಳಿರಿ.

ಒಂದನೆಯದು ಸಾದಾ ಪಾಲು: ನಂಬರ್ ಪ್ಲೇಟು, ಮಡ್‌ಗಾರ್ಡು, ಕೆಸರು ತಡೆಯುವ ರಬ್ಬರು, ಒಳಗಿನ ಅಲಂಕಾರದ ಪಟ್ಟಿಗಳು. ಇವಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಬೋಲ್ಟು ಸಾಕು. ಮೋಡಕಾ ಅಂಗಡಿಯಲ್ಲಿ ಆರಿಸಿ ತಂದದ್ದೂ ನಡೆಯುತ್ತದೆ. ಇಲ್ಲಿ ಉಳಿಸಿರಿ.

ಎರಡನೆಯದು ಗಟ್ಟಿ ಪಾಲು: ಇಂಜಿನ್ನಿನ ಸುತ್ತಲಿನ ಬ್ರಾಕೆಟ್ಟು, ಡೈನಮೋ ಕೂಡಿಸುವ ಜಾಗ, ರೇಡಿಯೇಟರ್ ಹಿಡಿಯುವ ಪಟ್ಟಿ, ಮೇಲಿನ ಸಾಮಾನಿನ ಕ್ಯಾರಿಯರ್. ಇವಕ್ಕೆ ಹೆಸರು ಮತ್ತು ಅಂಕಿ ಇರುವ 8.8 ತರಬೇಕು. ಇದನ್ನು ಪೇಟೆಯಲ್ಲಿ ‘ಹೈಟೆನ್ಸಿಲ್’ ಅಂತಾರೆ. ಕಿಲೋ ಲೆಕ್ಕದ ಬದಲು ಒಂದೊಂದಕ್ಕೆ ಇಷ್ಟು ಎಂದು ಕೊಡುತ್ತಾರೆ. ಚೆನ್ನೈನ ಪಾಡಿಯ ಸುಂದರಂ ಫಾಸ್ನರ್ಸ್ ಕಂಪನಿಯ ಟಿ.ವಿ.ಎಸ್. ಬೋಲ್ಟು ನಮ್ಮ ಕಡೆಯ ಮಿಸ್ತ್ರಿಗಳ ಬಾಯಲ್ಲಿ ಮೊದಲು ಬರುವ ಹೆಸರು. ಪಂಜಾಬಿನ ಲುಧಿಯಾನದಲ್ಲೂ ಬೋಲ್ಟು ಮಾಡುವ ಕಾರ್ಖಾನೆಗಳು ಬಹಳ ಇವೆ, ಅಲ್ಲಿಂದ ಒಳ್ಳೆಯ ಮಾಲೂ ಬರುತ್ತದೆ. ಯಾವ ಊರಿನದಾದರೂ ತಲೆಯ ಮೇಲಿನ ಗುರುತು ನೋಡಿಯೇ ಕೊಳ್ಳಿರಿ.

ಮೂರನೆಯದು ಜೀವದ ಪಾಲು: ಬ್ರೇಕು, ಸ್ಟೀರಿಂಗು, ಗಾಲಿಯ ಬೋಲ್ಟು-ನಟ್ಟು, ಸಸ್ಪೆನ್ಶನ್, ಪ್ರೊಪೆಲ್ಲರ್ ಶಾಫ್ಟು, ಸೀಟ್ ಬೆಲ್ಟು, ಇಂಜಿನ್ನಿನ ಒಳಗಿನವು. ಇಲ್ಲಿ ಗಾಡಿ ಕಂಪನಿಯ ಪಾರ್ಟ್ ನಂಬರ್ ಹೇಳಿ, ಸೀಲ್ ಇದ್ದ ಪಾಕೀಟನ್ನೇ ತರಬೇಕು. ಹೊಸ ಕಾಲದ ಬಹಳಷ್ಟು ಇಂಜಿನ್ನುಗಳ ಹೆಡ್ ಬೋಲ್ಟುಗಳು ಒಮ್ಮೆ ಬಿಗಿದರೆ ಹಿಗ್ಗುವಂಥವು, ಅವನ್ನು ಬಿಚ್ಚಿದ ಮೇಲೆ ಹೊಸವನ್ನೇ ಹಾಕಬೇಕು. ಇಲ್ಲಿ ಒಂದು ಪೈಸೆಯನ್ನೂ ಉಳಿಸಬೇಡಿರಿ.

ಲೆಕ್ಕ ಹಾಕಿದರೆ ಜೀವದ ಪಾಲಿನ ಬೋಲ್ಟು ಬೇಕಾಗುವುದೇ ಅಪರೂಪ. ಸಾದಾ ಪಾಲಿನಲ್ಲಿ ಉಳಿದದ್ದು ಅಲ್ಲಿಗೆ ಸರಿಹೋಗುತ್ತದೆ.

ಅಳತೆಯ ಗೊಂದಲ

“ಹನ್ನೆರಡು ನಂಬರಿನ ಬೋಲ್ಟು ಕೊಡ್ರಿ” ಅಂದರೆ ಅಂಗಡಿಯವರು ಒಂದು ತಿಳಿದಾರು, ಮಿಸ್ತ್ರಿ ಹೇಳಿದ್ದು ಇನ್ನೊಂದು ಇದ್ದೀತು. ಮಿಸ್ತ್ರಿಗಳು ಪಾನಾದ ನಂಬರು ಹೇಳುತ್ತಾರೆ, ಅಂಗಡಿಯಲ್ಲಿ ಬೋಲ್ಟಿನ ದಪ್ಪ ಕೇಳುತ್ತಾರೆ. 6 ಮಿಲಿಮೀಟರ್ ಬೋಲ್ಟಿಗೆ 10ರ ಪಾನಾ ಬೇಕು. 8 ಮಿಲಿಮೀಟರಿಗೆ 13ರ ಪಾನಾ, ಮಾರುತಿಯಂಥ ಜಪಾನಿ ಮೂಲದ ಗಾಡಿಗಳಲ್ಲಿ 12ರದು. 10 ಮಿಲಿಮೀಟರಿಗೆ 17, ಜಪಾನಿ ಮೂಲದವಕ್ಕೆ 14.

ಉದ್ದವನ್ನು ತಲೆ ಬಿಟ್ಟು ಅಳೆಯಬೇಕು. ತಿರುಪಿನ ನಡುವಿನ ಅಂತರವೂ ಸರಿ ಇರಬೇಕು. 10 ಮಿಲಿಮೀಟರ್ ಬೋಲ್ಟಿನಲ್ಲೇ 1.5 ಮತ್ತು 1.25 ಎಂದು ಎರಡು ತರಹ ಸಾಮಾನ್ಯವಾಗಿ ಸಿಗುತ್ತವೆ. 1983ರಲ್ಲಿ ಬಂದ ಮಾರುತಿ ಮಿಲಿಮೀಟರಿನದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಹಳೇ ಗಾಡಿಗಳಲ್ಲಿ, ಹಳೇ ಜೀಪುಗಳಲ್ಲಿ ಇಂಚಿನ ಅಳತೆ. ಐದು ಹದಿನಾರಾಂಶ ಇಂಚು ಅಂದರೆ 7.94 ಮಿಲಿಮೀಟರ್. 8ರ ನಟ್ಟು ಅದಕ್ಕೆ ಒಂದೆರಡು ಸುತ್ತು ಹೋದಂತೆ ಮಾಡಿ ಸಿಕ್ಕಿಬೀಳುತ್ತದೆ. ಆಗ ಪಾನಾ ಹಾಕಿ ಒತ್ತಾಯ ಮಾಡಿದರೆ ಎರಡೂ ಹಾಳು.

ಇದಕ್ಕೆಲ್ಲ ಒಂದೇ ಮದ್ದು, ಹಳೇ ಬೋಲ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿರಿ. ಹೊಸದನ್ನು ಅದರ ಪಕ್ಕ ಹಿಡಿದು ತಿರುಪಿಗೆ ತಿರುಪು ಕೂಡಿಸಿ ಬೆಳಕಿಗೆ ನೋಡಿರಿ. ಎರಡು ಬಾಚಣಿಕೆಯ ಹಲ್ಲು ಕೂಡಿದ ಹಾಗೆ ಕೂಡಿದರೆ ಸರಿ. ನಡುವೆ ಬೆಳಕು ಕಂಡರೆ ಅಳತೆ ಬೇರೆ, ಇಲ್ಲವೆ ಹಳೆಯದು ಹಿಗ್ಗಿದೆ. ಹೊಸ ನಟ್ಟು ಬೆರಳಿನಿಂದಲೇ ಕೊನೆತನಕ ತಿರುಗಬೇಕು. ಒಳಗೆ ನೈಲಾನ್ ಉಂಗುರ ಇದ್ದ ನಟ್ಟಿಗೆ ಮಾತ್ರ ಈ ಮಾತು ಅನ್ವಯಿಸದು, ಅದು ಬಿಗಿ ಇರುವುದೇ ಅದರ ಗುಣ. ಆ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕಿರಿ. ಬಿಸಿಯಾಗುವ ಸೈಲೆನ್ಸರಿನ ಹತ್ತಿರ ಅದು ಬೇಡ, ನೈಲಾನ್ ಕರಗುತ್ತದೆ.

ಮನೆಯ ಬೋಲ್ಟು ಡಬ್ಬಿ

ಬೇಕಾಗುವ ಸಾಮಾನು: ಮುಚ್ಚಳ ಬಿಗಿ ಇರುವ ಹಳೇ ಚಹಾಪುಡಿ ಡಬ್ಬಿ ಒಂದು. 6 ಮಿ.ಮೀ. ದಪ್ಪ, 20 ಉದ್ದದ ಬೋಲ್ಟು ಆರು. 8 ಮಿ.ಮೀ. ದಪ್ಪದವು 25 ಉದ್ದದ್ದು ಆರು, 40 ಉದ್ದದ್ದು ನಾಲ್ಕು. 10 ಮಿ.ಮೀ. ದಪ್ಪ, 30 ಉದ್ದದ್ದು ನಾಲ್ಕು. ಎಲ್ಲವೂ 8.8. ಅಷ್ಟೇ ನಟ್ಟು, ಸಾದಾ ವಾಷರ್, ಸ್ಪ್ರಿಂಗ್ ವಾಷರ್. ನಿಮ್ಮ ಗಾಡಿಯದೇ ಗಾಲಿ ನಟ್ಟು ಎರಡು.

ಮಾಡುವ ವಿಧಾನ: ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ, ಅಳತೆ ಪ್ರಕಾರ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಎರಡೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿರಿ. ಚೀಟಿ ಬರೆದು ಒಳಗಿಡಿರಿ. ಅಂಗಡಿಯ ಬಿಲ್ಲನ್ನೂ ಅದರಲ್ಲೇ ಇಡಿರಿ, ಮಾಲು ಸರಿಯಿಲ್ಲದಿದ್ದರೆ ಕೇಳಲು ಬಾಯಿ ಇರುತ್ತದೆ. ಸಾದಾ ಬೋಲ್ಟಿಗೆ ಬೇರೆ ಡಬ್ಬಿ. ಎರಡನ್ನೂ ಕೂಡಿಸಬೇಡಿರಿ, ಅವಸರದಲ್ಲಿ ಕೈ ತಪ್ಪುತ್ತದೆ.

ಇನ್ನೆರಡು ಮಾತು. ಪಾನಾಕ್ಕೆ ಪೈಪು ಸಿಗಿಸಿ ಜೋತುಬಿದ್ದು ಬಿಗಿಯುವುದು ಬೇಡ. ಒಳ್ಳೆಯ ಬೋಲ್ಟೂ ಹಾಗೆ ಹಿಗ್ಗಿ ಹಾಳಾಗುತ್ತದೆ. ಗಾಲಿ ಬದಲಿಸಿದಾಗ ನಟ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಮುಂದಿನ ಸಲ ಗ್ಯಾರೇಜಿನಿಂದ ಗಾಡಿ ಬಂದಾಗ, “ಅಣ್ಣಾ, ಹಾಕಿದ ಬೋಲ್ಟಿನ ತಲಿ ಮ್ಯಾಲ ಏನ ಬರದೈತಿ, ತೋರಸ್ರಿ” ಅಂತ ಮಿಸ್ತ್ರಿಯನ್ನು ಕೇಳಿ ನೋಡಿರಿ. ನಗಬಹುದು, ನಗಲಿ. ಈ ಮನೆಯಲ್ಲಿ ಕೇಳುವವರಿದ್ದಾರೆ ಅಂತ ಗೊತ್ತಾದ ಮೇಲೆ ಸಾದಾ ಬೋಲ್ಟು ಬಿಗಿಯಲು ಅವರ ಕೈ ಹಿಂದೆ ಸರಿಯುತ್ತದೆ.