ಪ್ರದರ್ಶನದ ಚಹರೆ: ಸೋಪಾರದ ಅಕ್ಷರ, ಮಲಾಡಿನ ಕಲ್ಲು

ಗೋರೆಗಾಂವಿನಿಂದ ಉತ್ತರಕ್ಕೆ ಹೊರಡುವ ಲೋಕಲ್ ಗಾಡಿಗೆ ಮುಂದಿನ ನಿಲ್ದಾಣ ಮಲಾಡ್. ಅದೇ ಹಳಿಯ ಮೇಲೆ ಇನ್ನೂ ಸಾಗಿ, ವಸಯಿಯ ಖಾರಿಯನ್ನು ದಾಟಿದರೆ ನಾಲಾಸೋಪಾರ. ನೌಕರಿಯ ನಿಮಿತ್ತವಾಗಿ ಪ್ರತಿದಿನವೂ ದಕ್ಷಿಣದ ಚರ್ಚ್‌ಗೇಟಿಗೇ ಮುಖಮಾಡಿರುವ ನಮ್ಮ ಉಪನಗರದ ಜನರಿಗೆ ಈ ಎರಡೂ ಗಾಡಿಯ ಫಲಕದ ಮೇಲಿನ ಹೆಸರುಗಳಷ್ಟೆ. ಆದರೆ ಫೋರ್ಟ್ ಭಾಗದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಗೋಡೆಗಳಲ್ಲಿರುವ ನಸುಹಳದಿ ಶಿಲೆ ಮಲಾಡಿನದು. ಆ ಗೋಡೆಗಳ ಒಳಗೆ ಜೋಪಾನವಾಗಿರುವ, ಅಶೋಕ ಚಕ್ರವರ್ತಿಯ ಎಂಟನೆಯ ಶಿಲಾಶಾಸನದ ತುಣುಕು ಸೋಪಾರದ್ದು. ಇಂತಹ ಸಂಗತಿಗಳನ್ನು ನೋಡುಗನು ಒಳಹೊಗುವುದಕ್ಕೆ ಮೊದಲೇ ಅವನ ಕಣ್ಣಿಗೆ ಸೂಚಿಸಬಲ್ಲ ಕುಶಲವಿದ್ಯೆಯೊಂದುಂಟು; ಅದರ ಪರಿಚಯವೇ ಈ ಲೇಖನದ ಉದ್ದೇಶ.

ವಸ್ತುಸಂಗ್ರಹಾಲಯವು ಪ್ರದರ್ಶನಮಾಲೆಯೊಂದನ್ನು ಏರ್ಪಡಿಸಿದಾಗ, ರೈಲು ನಿಲ್ದಾಣದ ಪೋಸ್ಟರಿನಿಂದ ತೊಡಗಿ ಹೆಬ್ಬಾಗಿಲ ಬ್ಯಾನರು, ಪ್ರವೇಶದ ಟಿಕೀಟು, ಗ್ಯಾಲರಿಯ ಗೋಡೆಬರಹ, ಪ್ರತಿಯೊಂದು ವಸ್ತುವಿನ ಪಕ್ಕದ ಲೇಬಲ್, ಕಡೆಗೆ ಮನೆಗೆ ಕೊಂಡೊಯ್ಯುವ ಕ್ಯಾಟಲಾಗಿನವರೆಗೆ ಎಲ್ಲವೂ ಒಂದೇ ಕೈಯಿಂದ ಬಂದುವೆಂದು ತೋರುವಂತೆ ಅಕ್ಷರ, ವರ್ಣ, ಚಿಹ್ನೆ, ಅಳತೆಗಳನ್ನು ನಿಶ್ಚಯಿಸುವ ಕೆಲಸವಿದು. ಲೋಗೋ ಎಂಬುದು ಅದರ ಒಂದು ಅಂಗ ಮಾತ್ರ. ಸಮಗ್ರವಾದುದನ್ನು ಪ್ರದರ್ಶನದ ಚಹರೆ ಎನ್ನಬಹುದು. ಆರೆಯ ಕಾಡಿನ ಆಚೆ ಬದಿಗೆ, ಪವಯಿಯ ಐ.ಐ.ಟಿ.ಯ ಆವರಣದಲ್ಲಿ, 1969ರಿಂದ ವಿನ್ಯಾಸದ ಶಿಕ್ಷಣ ನಡೆದುಬಂದಿದೆ. ಆದುದರಿಂದ ಈ ವಿದ್ಯೆ ನಮ್ಮ ನೆರೆಹೊರೆಗೆ ಅಪರಿಚಿತವೇನೂ ಅಲ್ಲ.

ಆದರೂ ಪರಂಪರೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕಮಲ, ನವಿಲು, ಬಳ್ಳಿಯ ಅಂಚು, ಹೊನ್ನಿನ ಬಣ್ಣ ಇವನ್ನೇ ತಂದು ಮೆತ್ತುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಯಾವ ಪ್ರದರ್ಶನಕ್ಕೂ ಒಪ್ಪುವ ಅಲಂಕಾರವು ಯಾವ ಪ್ರದರ್ಶನದ ಚಹರೆಯೂ ಆಗಲಾರದೆಂದೂ, ಚಹರೆಯು ಆ ಸಂಗ್ರಹದ ಒಡಲಿನಿಂದಲೇ ಹುಟ್ಟಿಬರಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ.

ಸೋಪಾರದ ತುಣುಕನ್ನೇ ನೋಡಿ. ಪ್ರಾಚೀನ ಶೂರ್ಪಾರಕದ ಬಂದರಾಗಿದ್ದ ಆ ಸ್ಥಳದಲ್ಲಿ 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಅದನ್ನು ಬೆಳಕಿಗೆ ತಂದರು. ಹಿಂದಿನ ಅರಸರ ವಿಹಾರಯಾತ್ರೆಗಳನ್ನು ತೊರೆದು ಧರ್ಮಯಾತ್ರೆಗೆ ತೊಡಗಿದುದನ್ನು ಅಶೋಕನು ಸಾರಿದ ಶಾಸನದ ಭಗ್ನಾಂಶವದು. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಬಡಿದು ಕೂರಿಸಿ, ಮಸಿ ಮೆತ್ತಿ ಪಡಿಯಚ್ಚು ತೆಗೆಯುವಾಗ, ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಬ್ರಾಹ್ಮಿಯ ಕಕಾರವೆಂದರೆ ಒಂದನ್ನೊಂದು ಅಡ್ಡಹಾಯುವ ಎರಡು ಗೆರೆ. ಗಕಾರವೆಂದರೆ ಮೇಲೆ ಕೂಡಿ ಕೆಳಗೆ ಅಗಲುವ ಎರಡು ಗೆರೆ. ಠಕಾರವೆಂದರೆ ಬರಿಯ ವೃತ್ತ. ಕನ್ನಡದ ಗಕಾರದ ಕಮಾನಿನಲ್ಲಿಯೂ ಠಕಾರದ ದುಂಡಿನಲ್ಲಿಯೂ ಆ ಪೂರ್ವರೂಪಗಳ ಗುರುತನ್ನು ಇಂದಿಗೂ ಹಿಡಿಯಬಹುದು. ವಿನ್ಯಾಸಕಾರನು ಇವುಗಳಲ್ಲಿ ಒಂದನ್ನು ಆರಿಸಿಕೊಂಡನೆನ್ನೋಣ. ಉಳಿಯ ಏಟಿನಿಂದ ಅಂಚಿನಲ್ಲಿ ಉಳಿದ ತರಚನ್ನು ಒರಸಿಹಾಕಿ ನುಣುಪುಮಾಡಿದರೆ ಅದು ಕೇವಲ ಗಣಿತದ ಆಕೃತಿಯಾಗಿಬಿಡುತ್ತದೆ. ತರಚನ್ನೆಲ್ಲ ಹಾಗೆಯೇ ಬಿಟ್ಟರೆ ಹೆಬ್ಬಾಗಿಲ ಬ್ಯಾನರಿನ ಮೇಲೆ ಸೊಗಸಾಗಿ ಕಂಡುದು ಟಿಕೀಟಿನ ಮೂಲೆಗೆ ಇಳಿದಾಗ ಮಸಿ ತುಂಬಿ ಮುದ್ದೆಯಾಗುತ್ತದೆ. ಆದುದರಿಂದ ಬಲ್ಲವನು ಒಂದೇ ಅಕ್ಷರವನ್ನು ಎರಡು ಬಾರಿ, ದೊಡ್ಡ ಅಳತೆಗೊಂದು, ಚಿಕ್ಕ ಅಳತೆಗೊಂದು ಎಂಬಂತೆ, ಬೇರೆಬೇರೆಯಾಗಿಯೇ ಬರೆಯುತ್ತಾನೆ.

ಬಣ್ಣಕ್ಕಾಗಿ ದೂರ ಹೋಗಬೇಕಾದುದಿಲ್ಲ. 1905ರಲ್ಲಿ ಅಸ್ತಿಭಾರ ಹಾಕಿಸಿಕೊಂಡು, ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿ, 1922ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಫೋರ್ಟಿನ ಸಂಗ್ರಹಾಲಯದ ಕಟ್ಟಡವನ್ನು ಜಾರ್ಜ್ ವಿಟೆಟ್ ಕುರ್ಲಾದ ಕಪ್ಪುಬೂದು ಕಲ್ಲಿನಿಂದಲೂ ಮಲಾಡಿನ ಹಳದಿ ಕಲ್ಲಿನಿಂದಲೂ ಕಟ್ಟಿಸಿದನು. ಗುಮ್ಮಟದ ಒಳಗಣ ಕಮಾನುಗಳಿಗೆ ವಿಜಯಪುರದ ಗೋಲಗುಮ್ಮಟವನ್ನು ಮಾದರಿಯಾಗಿ ಹಿಡಿದನು. ಅಲ್ಲಿ ನಿಂತು ಮೇಲೆ ನೋಡುವ ಕನ್ನಡಿಗನಿಗೆ, ಒಳಗೆ ಐಹೊಳೆಯ ಏಳನೆಯ ಶತಮಾನದ ಬ್ರಹ್ಮನ ಛಾವಣಿಫಲಕವೂ ಇದೆಯೆಂದು ತಿಳಿದಾಗ, ಆಗುವ ಸಂತೋಷ ಅಷ್ಟಿಷ್ಟಲ್ಲ. ಈ ಎರಡು ಕಲ್ಲುಗಳ ವರ್ಣ, ಪಡಿಯಚ್ಚಿನ ಮಸಿಗಪ್ಪು: ಈ ಮೂರು ಸಾಕು, ನಾಲ್ಕನೆಯದನ್ನು ಸೇರಿಸುವವನು ಕಾರಣ ಹೇಳಬೇಕು.

ಪ್ರದರ್ಶನವು ಒಂದಾಗಿರದೆ ಮಾಲೆಯಾಗಿದ್ದಲ್ಲಿ ಕಷ್ಟ ಇಮ್ಮಡಿ. ಯಕ್ಷಗಾನದ ಮೇಳವು ರಾತ್ರಿಗೊಂದು ಪ್ರಸಂಗವನ್ನು ಬದಲಿಸಿದರೂ ಹಿಮ್ಮೇಳದಿಂದಲೂ ವೇಷದಿಂದಲೂ ಯಾವ ತಿಟ್ಟಿನದೆಂದು ದೂರದಿಂದಲೇ ತಿಳಿಯುವಂತೆ, ಮಾಲೆಯಲ್ಲಿ ಕೆಲವು ಅಂಶಗಳು ಅಚಲವಾಗಿ ನಿಂತು ಉಳಿದುವು ಪ್ರತಿ ಸಲವೂ ಹೊಸತಾಗಬೇಕು. ಭಾಯ್‌ಖಳಾದ ಡಾ. ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯವು ಸಮಕಾಲೀನ ಕಲಾವಿದರನ್ನು ಕರೆದು, ತನ್ನ ಹಳೆಯ ಸಂಗ್ರಹಕ್ಕೆ ಅವರು ತಮ್ಮ ಕೃತಿಗಳಿಂದ ಉತ್ತರ ಕೊಡುವಂತಹ ಮಾಲೆಯೊಂದನ್ನು ನಡೆಸಿಕೊಂಡು ಬಂದಿದೆ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ, ಕುಂದಾಪುರದ ಕಡೆಯ ಎಲ್.ಎನ್. ತಲ್ಲೂರ್, ಬೆಂಗಳೂರಿನ ರಂಜನಿ ಶೆಟ್ಟರ್ ಇವರೆಲ್ಲ ಅಲ್ಲಿ ಪ್ರದರ್ಶನ ನಡೆಸಿದವರು. 1872ರಲ್ಲಿ ತೆರೆದ ಆ ಸಭಾಂಗಣದ ಎರಕದ ಕಬ್ಬಿಣದ ಕಂಬಗಳೂ ಸುವರ್ಣಲೇಪವೂ ಎಷ್ಟು ಬಲವಾದ ಹಿನ್ನೆಲೆಯೆಂದರೆ, ಅಲ್ಲಿ ಗೋಡೆಬರಹವು ತಗ್ಗಿದ ದನಿಯಲ್ಲಿ ಮಾತಾಡುವುದೇ ಲೇಸು. ಇನ್ನು, 2017ರ ನವೆಂಬರಿನಲ್ಲಿ ಫೋರ್ಟಿನ ಸಂಗ್ರಹಾಲಯ, ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೂರೂ ಕೈಜೋಡಿಸಿ, ಭಾರತವನ್ನೂ ಜಗತ್ತನ್ನೂ ಒಂಬತ್ತು ಕಥೆಗಳಾಗಿ ಹೇಳಿದ ಮಹಾಪ್ರದರ್ಶನದಂತಹುದರಲ್ಲಿ, ಒಂಬತ್ತು ಕಥೆಗಳೂ ಬೇರೆಬೇರೆಯೆಂದು ತಿಳಿಯಬೇಕು, ಒಂದೇ ಗ್ರಂಥದವೆಂದೂ ತಿಳಿಯಬೇಕು.

ಪೋಸ್ಟರಿಗೆ ಸಲ್ಲುವ ಮೆಚ್ಚುಗೆಯ ಅರ್ಧವೂ ಲೇಬಲಿಗೆ ಸಲ್ಲುವುದಿಲ್ಲ. ಹಸ್ತಪ್ರತಿ, ಚಿತ್ರಪಟ, ನೆಯ್ಗೆಗಳು ಬೆಳಕಿಗೆ ಮಾಸುವುದರಿಂದ ಅವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳು ಅನುಸರಿಸುವ ನಿಯಮ. ಆ ಮಬ್ಬಿನಲ್ಲಿ ಬೂದುಬಣ್ಣದ ಸಣ್ಣಕ್ಷರವನ್ನು ಅಚ್ಚುಹಾಕಿ ಗೋಡೆಗೆ ಅಂಟಿಸಿದರೆ ಕನ್ನಡಕದ ಹಿರಿಯರು ಓದುವುದೆಂತು? ಲಿಪಿಗಳು ಎರಡು ಮೂರಾದಾಗ ಇನ್ನೊಂದು ತೊಡಕು. ನಾಗರಿಗೆ ತಲೆಗೆರೆಯಿದೆ, ಕನ್ನಡಕ್ಕೆ ತಲೆಕಟ್ಟೂ ಕೆಳಗಿಳಿಯುವ ಒತ್ತಕ್ಷರವೂ ಇವೆ. ರೋಮನ್ ಅಕ್ಷರಕ್ಕೆ ಸಾಕಾಗುವ ಸಾಲಂತರವನ್ನೇ ಕನ್ನಡಕ್ಕೂ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ಈ ಶಾಸ್ತ್ರದಲ್ಲಿ ಮುಂಬಯಿಯ ಋಣ ದೊಡ್ಡದು: ಕಂಪ್ಯೂಟರುಗಳಲ್ಲಿ ಬಹುಕಾಲ ಕನ್ನಡವನ್ನು ತೋರಿಸಿದ ‘ತುಂಗಾ’ ಅಕ್ಷರವನ್ನು ರೂಪಿಸಿದವರು ಇಲ್ಲಿನ ಲಿಪಿಕಾರ ಆರ್.ಕೆ. ಜೋಶಿಯವರು, 2022ರಲ್ಲಿ ಹೊರಬಂದ ‘ಅನೇಕ್’, ಕನ್ನಡವನ್ನೊಳಗೊಂಡು ಒಂಬತ್ತು ಭಾರತೀಯ ಲಿಪಿಗಳನ್ನೂ ರೋಮನ್ನನ್ನೂ ಸಮತೂಕದಲ್ಲಿ ಬೆಳೆಸಿದ ಫಾಂಟ್, ಇಲ್ಲಿನ ಏಕ್ ಟೈಪ್ ಬಳಗದ್ದು. ಮೂರು ಲಿಪಿಗಳ ಲೇಬಲ್ ಆಗದೆಂಬ ನೆವಕ್ಕೆ ಇನ್ನು ಎಡೆಯಿಲ್ಲ.

ಗೋರೆಗಾಂವಿನ, ಮಾಟುಂಗದ, ಮಾಹಿಮಿನ ನಮ್ಮ ಕನ್ನಡ ಸಂಘಗಳ ಕಪಾಟುಗಳಲ್ಲಿ ಹಳೆಯ ಆಮಂತ್ರಣಪತ್ರಿಕೆಗಳು, ನಾಟಕದ ಕರಪತ್ರಗಳು, ಸ್ಮರಣಸಂಚಿಕೆಗಳು, ಭಾವಚಿತ್ರಗಳು ಕೂಡಿವೆ. ಅವುಗಳಿಂದ ಮುಂಬಯಿ ಕನ್ನಡಿಗರ ಪ್ರದರ್ಶನಮಾಲೆಯೊಂದನ್ನು ಕಟ್ಟಬಹುದು, ಕಟ್ಟಬೇಕು. ಹಾಗೆ ಕಟ್ಟಲು ಹೊರಟ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಚಹರೆಯ ಕೆಲಸವನ್ನು ಉದ್ಘಾಟನೆಯ ಹಿಂದಿನ ವಾರ ಬ್ಯಾನರ್ ಅಚ್ಚುಹಾಕುವ ಅಂಗಡಿಗೆ ಒಪ್ಪಿಸಬೇಡಿರಿ, ವಿನ್ಯಾಸ ಬಲ್ಲವರೊಬ್ಬರನ್ನು ಮೊದಲನೆಯ ಸಭೆಗೇ ಕರೆಯಿರಿ, ಕಪಾಟಿನ ಬೀಗ ತೆಗೆದು ಆ ಕಾಗದಗಳನ್ನು ಅವರ ಮುಂದೆ ಹರಡಿರಿ.