ಭಾನುವಾರದ ಭಕ್ತಿ, ಸೋಮವಾರದ ತೂಕ

ಕಳೆದ ವರ್ಷ ಸೇಡಂನ ನಮ್ಮ ಅಡತ್ ಅಂಗಡಿಯಲ್ಲಿ ಎಂಟೇ ದಿನಗಳಲ್ಲಿ ಮೂರು ಉಪವಾಸ ಬಂದವು. ಫೆಬ್ರುವರಿ 26ಕ್ಕೆ ಶಿವರಾತ್ರಿ. ಹಮಾಲರಲ್ಲೇ ಹಿರಿಯರಾದ ಕಾಕಾ ಅಂದು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಾರ್ಚ್ 2ಕ್ಕೆ ರಂಜಾನ್ ರೋಜಾ ಶುರುವಾಯಿತು. ನಮ್ಮ ಚಾಚಾ ಉರಿಬಿಸಿಲಲ್ಲಿ ತೊಗರಿ ಚೀಲ ಹೊತ್ತರೂ ಸಂಜೆಯವರೆಗೆ ಹನಿ ನೀರು ಕುಡಿಯಲಿಲ್ಲ. ಮಾರ್ಚ್ 5ರ ಬುಧವಾರ ನನ್ನ ಸರದಿ ಬಂತು. ಬೆಳಿಗ್ಗೆ ವಾಡಿಯಲ್ಲಿ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು, ಹಾಗೆಯೇ ರೈಲು ಹತ್ತಿ ಅಂಗಡಿಗೆ ಬಂದಿದ್ದೆ.

‘ತಮ್ಮಾ, ನೀವೂ ವಿಭೂತಿ ಹಚ್ಕೊಂತೀರೇನು?’ ಎಂದರು ಕಾಕಾ.

ನಾನು ಉತ್ಸಾಹದಿಂದ ವಿವರಿಸಿದೆ. ನಾವು ಕ್ಯಾಥೋಲಿಕರು, ಇಂದು ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರೆ. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುತ್ತೇವೆ ಎಂದು ನೆನಪಿಸುವ ಗುರುತಿದು. ಇನ್ನು ಈಸ್ಟರ್‌ವರೆಗೆ ತಪಸ್ಸುಕಾಲ.

‘ಮತ್ತ ಏನೇನು ಬಿಡ್ತಿ?’ ಚಾಚಾ ಕೇಳಿದರು.

‘ಮಟನ್, ಚಿಕನ್ ಬಿಡ್ತೀನ್ರಿ. ರಾತ್ರಿ ಮೊಬೈಲ್‌ನ್ಯಾಗ ರೀಲ್ಸ್ ನೋಡೋದೂ ಬಿಡ್ತೀನಿ.’

ಚಾಚಾ ಕಾಟಾದ ಕಡೆ ನೋಡಿ ನಕ್ಕರು. ‘ಮಟನ್ ಬಿಡ್ತಿ, ಮೊಬೈಲ್ ಬಿಡ್ತಿ. ಸೂಟ್ ಬಿಡ್ತಿಯೇನಪಾ?’

ತಮಾಷೆಗೆ ಆಡಿದ ಮಾತು, ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದು ಸಂಜೆ ರೈಲಿನಲ್ಲಿ ಕುಳಿತಾಗ ಮಳಖೇಡ ದಾಟಿದರೂ, ಚಿತ್ತಾಪುರ ದಾಟಿದರೂ ಆ ಮಾತು ನನ್ನನ್ನು ಬಿಡಲಿಲ್ಲ.

ಸೂಟ್ ಎಂದರೆ ಏನೆಂದು ನಮ್ಮ ಭಾಗದ ರೈತರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾನು ಬಿ.ಕಾಂ. ಮುಗಿಸಿ ಆ ಅಂಗಡಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ್ದೆ. ತಿಂಗಳಿಗೆ ₹11,000 ಸಂಬಳ. ಖಾಲಿ ಚೀಲದ ತೂಕ ಕಳೆದ ಮೇಲೂ ಕಾಟಾದಲ್ಲಿ 51 ಕೆ.ಜಿ. ಕಂಡರೆ ಚೀಟಿಯಲ್ಲಿ 50 ಎಂದು ಬರೆಯಬೇಕಿತ್ತು. ಅಂದರೆ ಕ್ವಿಂಟಲಿಗೆ 2 ಕೆ.ಜಿ. ಕಡಿತ. ಕಸ, ತೇವ, ಸೋರಿಕೆ ಎಂದು ಕಾರಣ ಹೇಳುತ್ತಿದ್ದರು. ಆದರೆ ಚೀಟಿಯಲ್ಲಿ ಈ ಕಡಿತ ಎಲ್ಲೂ ಕಾಣುತ್ತಿರಲಿಲ್ಲ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ. ಅದನ್ನು ಬೆಳೆದವನ ತೂಕವನ್ನು ಮಾತ್ರ ನಾನೇ ಪೆನ್ನು ಹಿಡಿದು ಕಡಿಮೆ ಮಾಡುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಮಾಲೀಕರು ಖುಷಿಯಾಗಿ ‘ಇನಾಮು’ ಕೊಡುತ್ತಿದ್ದರು. ಅದರ ಹಿಂದಿನ ವರ್ಷ ನನಗೆ ₹5,000 ಸಿಕ್ಕಿತ್ತು. ಅದರಲ್ಲಿ ಅವ್ವನಿಗೆ ಕನ್ನಡಕ ಮಾಡಿಸಿದ್ದೆ.

ಹಾಗಂತ ನಾನು ಭಕ್ತಿ ಇಲ್ಲದವನೇನಲ್ಲ. ನನ್ನ ಅಜ್ಜ ಶಹಾಬಾದಿನ ಕಲ್ಲುಗಣಿಯಲ್ಲಿ ಪರ್ಸಿ ಕಡಿಯುತ್ತಿದ್ದವರು. ಅಪ್ಪ ಕೆಲಸ ಹುಡುಕಿಕೊಂಡು ವಾಡಿಗೆ ಬಂದರು. ಸಿಮೆಂಟ್ ಊರಿನ ನಮ್ಮ ಮನೆಯಲ್ಲಿ ಕಿಟಕಿ ಒರೆಸಿದ ಮರುಗಳಿಗೆಗೇ ದೂಳು ಕೂರುತ್ತದೆ. ಆದರೆ ಮಾತೆ ಮರಿಯಳ ಪಟದ ಮೇಲೆ ದೂಳು ಕೂರಲು ಅವ್ವ ಬಿಟ್ಟವಳಲ್ಲ. ಕರೆಂಟ್ ಇರಲಿ ಬಿಡಲಿ, ರಾತ್ರಿ ಊಟಕ್ಕೆ ಮುಂಚೆ ಜಪಮಾಲೆ ಆಗಲೇಬೇಕು. ಭಾನುವಾರ ಚರ್ಚಿನಲ್ಲಿ ವಾಚನ ಓದುವವನು ನಾನೇ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ದಿನಾ ಒಂದು ಬೈಬಲ್ ವಾಕ್ಯ ಹಾಕುತ್ತಿದ್ದೆ. ಇಷ್ಟಾದರೆ ಒಳ್ಳೆಯ ಕ್ರೈಸ್ತನಾದಂತೆ ಎಂದು ನಂಬಿದ್ದೆ.

ನಮ್ಮ ಭಾಗದಲ್ಲಿ ಕ್ಯಾಥೋಲಿಕರು ಬಹಳ ಇಲ್ಲ. ಕಲಬುರಗಿ ಪ್ರತ್ಯೇಕ ಧರ್ಮಕ್ಷೇತ್ರವಾದದ್ದೇ 2005ರಲ್ಲಿ. ಕಾಲೇಜಿನಲ್ಲಿ, ಅಂಗಡಿಯಲ್ಲಿ, ರೈಲಿನಲ್ಲಿ ಹೆಚ್ಚಾಗಿ ನಾನೊಬ್ಬನೇ. ಹಾಗಾಗಿ ನನ್ನ ಧರ್ಮದ ಬಗ್ಗೆ ಜನರಿಗೆ ಗೊತ್ತಾಗುವುದು ನನ್ನ ಸ್ಟೇಟಸ್‌ನಿಂದಲ್ಲ, ನನ್ನ ನಡತೆಯಿಂದ. ಚಾಚಾ ಬೈಬಲ್ ಓದಿದವರಲ್ಲ. ಆದರೆ ನಾನು ಬರೆದ ಚೀಟಿಗಳನ್ನು ದಿನಾ ನೋಡಿದವರು.

ತಪಸ್ಸುಕಾಲದ ಮೂರನೇ ವಾರ ಪಾಪನಿವೇದನೆಗೆ ಹೋದೆ. ಬೈಗುಳ, ಸಿಟ್ಟು, ಪ್ರಾರ್ಥನೆಯಲ್ಲಿ ಆಲಸ್ಯ ಎಂದು ಯಾವಾಗಲೂ ಹೇಳುವ ಪಟ್ಟಿ ಮುಗಿಸಿದೆ. ಕೊನೆಗೆ ತೊದಲುತ್ತ ಸೂಟಿನ ವಿಷಯವನ್ನೂ ಹೇಳಿದೆ. ‘ಅಂಗಡಿ ನನ್ನದಲ್ಲ ಫಾದರ್, ಬರೀ ಅಂದದ್ದು ಬರೀತೀನಿ’ ಎಂದೆ. ಅವರು ಗದರಲಿಲ್ಲ. ಬೇರೆಯವರ ಹಣ ನನ್ನ ಕೈಗೆ ಬಂದಿದೆಯೇ ಎಂದಷ್ಟೇ ಕೇಳಿದರು. ಇನಾಮಿನ ₹5,000 ನೆನಪಾಯಿತು. ಕದ್ದದ್ದಕ್ಕೆ ಪಶ್ಚಾತ್ತಾಪ ಪಟ್ಟರೆ ಸಾಲದು, ಹಿಂದಿರುಗಿಸಬೇಕು, ಇಂದಲ್ಲದಿದ್ದರೆ ಸ್ವಲ್ಪ ಸ್ವಲ್ಪವಾಗಿ ಎಂದರು. ಯಾರದೆಂದು ಗೊತ್ತಿದ್ದರೆ ಅವರಿಗೇ, ಗೊತ್ತಿಲ್ಲದಿದ್ದರೆ ಬಡವರಿಗೆ. ಆಮೇಲೆ ಲೂಕನ ಶುಭಸಂದೇಶದಲ್ಲಿ ಬರುವ ಜಕ್ಕಾಯನನ್ನು ನೆನಪಿಸಿದರು. ಯೇಸುವನ್ನು ನೋಡಲು ಮರ ಹತ್ತಿದ ಆ ಸುಂಕದವನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ನನಗೆ ನೆನಪಿದ್ದದ್ದು ಮರ ಹತ್ತಿದ್ದು ಮಾತ್ರ. ಮರ ಇಳಿದ ಮೇಲೆ ಅವನು, ಮೋಸದಿಂದ ತೆಗೆದದ್ದನ್ನು ನಾಲ್ಕು ಪಟ್ಟು ಕೊಡುತ್ತೇನೆ ಎಂದದ್ದು ಮರೆತೇಹೋಗಿತ್ತು.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ‘ತಿಂಗಳಾ ಐದ್ನೂರು ತೆಗೆದಿಡು. ಹತ್ತು ತಿಂಗಳಿಗಿ ಮುಗಿತದ’ ಎಂದಳು.

ನನಗೆ ಚೆನ್ನಾಗಿ ನೆನಪಿದ್ದವರು ಒಬ್ಬರೇ, ಚಿಂಚೋಳಿ ಕಡೆಯ ಒಬ್ಬ ಮುದುಕರು. ಜನವರಿಯಲ್ಲಿ ಆರು ಕ್ವಿಂಟಲ್ ತೊಗರಿ ತಂದಿದ್ದರು. ಚೀಟಿ ಓದಲು ಬಾರದೆ ನನಗೇ ಕೊಟ್ಟು, ‘ಸರಿ ಅದಾ ನೋಡಪಾ’ ಎಂದು ಕೇಳಿದ್ದರು. ಸರಿ ಇದೆ ಎಂದಿದ್ದೆ. ಅವರಿಗೆ ಕಡಿದದ್ದು 12 ಕೆ.ಜಿ. ಆ ದಿನದ ದರ ಕ್ವಿಂಟಲಿಗೆ ₹7,000. ಲೆಕ್ಕ ಹಾಕಿದರೆ ₹840.

ಏಪ್ರಿಲ್‌ನ ಒಂದು ಭಾನುವಾರ ಪೂಜೆ ಮುಗಿಸಿ, ಸೇಡಂನಿಂದ ಚಿಂಚೋಳಿಯ ಬಸ್ಸು ಹಿಡಿದೆ. ಅಲ್ಲಿಂದ ಟಂಟಂನಲ್ಲಿ ಅವರ ಊರು ತಲುಪಿದೆ. ಹೊಲದ ಬದುವಿನ ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದರು. ಹಣ ಕೈಗಿಟ್ಟಾಗ ಹೆದರಿದರು.

‘ಯಾರ್ ಕಳ್ಸ್ಯಾರ?’

‘ಯಾರೂ ಕಳ್ಸಿಲ್ರಿ. ತೂಕ ತಪ್ಪು ಬರ್ದಿದ್ದೆ. ನಾನೇ ಬಂದೀನಿ.’

ನೋಟುಗಳನ್ನು ಎಣಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಶಹಬ್ಬಾಸ್ ಎನ್ನುತ್ತಾರೆಂದು ಒಳಗೊಳಗೆ ಕಾದಿದ್ದೆ, ಸುಳ್ಳು ಹೇಳಲಾರೆ. ಅವರು ಹೇಳಿದ್ದೇ ಬೇರೆ. ‘ನನಗ ಗೊತ್ತಿತ್ತಪಾ. ಚೀಟಿ ಓದ್ಲಾಕ ಬರಲ್ಲ, ನಮ್ಮ ಚೀಲದ ವಜ್ಜಿ ಗೊತ್ತಾಗಲ್ಲೇನು?’ ಆಮೇಲೆ ಮಗನನ್ನು ಕರೆದು ನನಗೆ ಮಜ್ಜಿಗೆ ಕೊಡಿಸಿದರು.

ಇಷ್ಟರಲ್ಲಿ ಅಂಗಡಿಯಲ್ಲೂ ಮಾತಾಗಿತ್ತು. ಇನ್ನು ಕಡಿಮೆ ಬರೆಯಲಾರೆ ಎಂದು ಹೇಳಿದ್ದೆ. ಮಾಲೀಕರು ಕೂಗಾಡಲಿಲ್ಲ. ‘ನಿನ್ ಧರಮ ನಿನ್ ಮನ್ಯಾಗ ಇಟ್ಗೋ. ಇಲ್ಲಿ ಧಂಧಾ ನಡೀಬೇಕು’ ಎಂದರು. ನನ್ನನ್ನು ಗೋದಾಮಿನ ರಿಜಿಸ್ಟರ್‌ಗೆ ಹಾಕಿ, ಕಾಟಾಕ್ಕೆ ಬೇರೆ ಹುಡುಗನನ್ನು ಕೂರಿಸಿದರು. ಸೂಟ್ ನಿಲ್ಲಲಿಲ್ಲ. ಅದನ್ನು ಬರೆಯುವ ಕೈ ಮಾತ್ರ ಬದಲಾಯಿತು. ಜೂನ್‌ನಲ್ಲಿ ನಾನು ಕೆಲಸ ಬಿಟ್ಟೆ. ನನ್ನ ಒಬ್ಬನ ಹಟದಿಂದ ಏನು ಬದಲಾಯಿತು ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಾಕಾ ಮಾತ್ರ ನುಲಿಯ ಚಂದಯ್ಯನ ಕಥೆ ಹೇಳಿ ಕಳಿಸಿದರು. ಹಗ್ಗ ಹೊಸೆದು ಮಾರುತ್ತಿದ್ದ ಆ ಶರಣ, ಹಗ್ಗದ ಬೆಲೆಗಿಂತ ಹೆಚ್ಚಿಗೆ ಬಂದ ಹಣವನ್ನು ಬೇಡವೆಂದನಂತೆ. ನಮ್ಮ ಚರ್ಚಿನಲ್ಲಿ ಕೇಳಬೇಕಾದ ಪಾಠವನ್ನು ಮಾರುಕಟ್ಟೆಯ ಕಟ್ಟೆಯ ಮೇಲೆ ಕುಳಿತು ಕೇಳಿದೆ.

ಪವಿತ್ರತೆಯ ಕರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ, ದುಡಿದು ತಿನ್ನುವ ಎಲ್ಲರಿಗೂ ಇದೆ ಎಂದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಕಳೆದ ವರ್ಷ ಈಸ್ಟರ್‌ನ ಮರುದಿನ ತೀರಿಕೊಂಡ ಪೋಪ್ ಫ್ರಾನ್ಸಿಸ್ ಕೂಡ ಪಕ್ಕದ ಮನೆಯಲ್ಲೇ ಸಂತರಿರುತ್ತಾರೆ ಎನ್ನುತ್ತಿದ್ದರು. ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದ ಕಾರ್ಲೊ ಅಕ್ಯುಟಿಸ್ ಕಂಪ್ಯೂಟರ್ ಹುಚ್ಚಿನ ಹುಡುಗ, 2006ರಲ್ಲಿ 15ನೇ ವಯಸ್ಸಿಗೇ ತೀರಿಕೊಂಡವನು. ಅವನ ಜೀನ್ಸ್ ಪ್ಯಾಂಟಿನ ಫೋಟೊ ನೋಡಿ, ಸಂತರು ನಮ್ಮ ಹಾಗೂ ಇರಬಹುದು ಎಂದು ನನ್ನ ತಂಗಿಗೆ ಖುಷಿಯೋ ಖುಷಿ. ನಾನು ಸಂತನಾಗುವ ಮಾತು ದೂರ ಇರಲಿ, ಸರಿಯಾದ ತೂಕ ಬರೆಯಲಿಕ್ಕೇ ಇಷ್ಟು ದಿನ ಬೇಕಾಯಿತು.

ಈಗ ಚಿತ್ತಾಪುರದ ಒಂದು ಆನ್‌ಲೈನ್ ಸೇವೆಯ ಅಂಗಡಿಯಲ್ಲಿದ್ದೇನೆ. ಸಂಬಳ ₹3,000 ಕಡಿಮೆ. ಇಲ್ಲಿ ಕಾಟಾ ಇಲ್ಲ, ಆದರೆ ಪರೀಕ್ಷೆ ಇದೆ. ಅರ್ಜಿ ತುಂಬಲು ಬರುವ ಅಜ್ಜಿಗೆ ಎಷ್ಟು ದುಡ್ಡಾಗುತ್ತದೆ ಎಂಬುದೇ ಗೊತ್ತಿರುವುದಿಲ್ಲ. ನಾನು ಹೇಳಿದ್ದೇ ದರ. ಹೆಚ್ಚಿಗೆ ಹೇಳುವ ಆಸೆ ಬರುವುದಿಲ್ಲ ಎಂದರೆ ಅದೂ ಸುಳ್ಳೇ. ಇನಾಮಿನ ಹಣದಲ್ಲಿ ಉಳಿದದ್ದು ಬೆನ್ನುನೋವಿನಿಂದ ಮನೆ ಹಿಡಿದ ಒಬ್ಬ ಹಮಾಲರ ಔಷಧಿಗೆ ಹೋಗುತ್ತಿದೆ. ಇನ್ನೂ ಎರಡು ಕಂತು ಬಾಕಿ.

ಈ ವರ್ಷ ಬೂದಿ ಬುಧವಾರ ಫೆಬ್ರುವರಿ 18ಕ್ಕೆ ಬಂತು. ಅಂದು ಸಂಜೆ ಚಾಚಾ ಫೋನ್ ಮಾಡಿದ್ದರು. ಅವರಿಗೂ ರೋಜಾದ ತಯಾರಿ.

‘ಈ ಸಲ ಏನ್ ಬಿಡ್ತಿ?’ ಎಂದು ಕೇಳಿದರು.

‘ಮಟನ್, ಚಿಕನ್ ಬಿಡ್ತೀನ್ರಿ ಚಾಚಾ’ ಎಂದೆ.

‘ಅಷ್ಟೇ?’ ಎಂದು ನಕ್ಕರು.

‘ಉಳಿದದ್ದು ನಾಳಿ ಅಂಗಡ್ಯಾಗ ನೋಡ್ಬೇಕ್ರಿ’ ಎಂದೆ.