ಮೇ ಎಂಟರ ಮಾಯೆಯಲ್ಲಿ ಗೋವೆಯ ಪಾಲು

1953ರ ಮೇ 8, ಶುಕ್ರವಾರ. ಪಣಜಿಯಲ್ಲಿ ಆಗಿನ್ನೂ ಪೋರ್ಚುಗೀಸರ ಬಾವುಟ ಹಾರುತ್ತಿತ್ತು. ಮಾಂಡವಿ ದಂಡೆಯ ಆ ಪುಟ್ಟ ರಾಜಧಾನಿಯಲ್ಲಿ, ಶಿವೊಲಿ ಎಂಬ ಹಳ್ಳಿಯ ಮೂಲದ ಫರ್ನಾಂಡಿಸ್ ಮನೆತನಕ್ಕೆ ಒಂದು ಗಂಡುಮಗು ಹುಟ್ಟಿತು. ಮುಂದೆ ಇಡೀ ದೇಶ ಆ ಮಗುವನ್ನು ಹಾಡುಗಾರ ರೆಮೋ ಫರ್ನಾಂಡಿಸ್ ಎಂದು ಗುರುತಿಸಿತು.

ಇನ್ನು ಇದನ್ನು ಕೇಳಿ. ಅದೇ ದಿನ, ಅದೇ ಶುಕ್ರವಾರ, ಆಮ್‌ಸ್ಟರ್‌ಡ್ಯಾಮಿನಲ್ಲಿ ಇನ್ನೊಂದು ಗಂಡುಮಗು ಹುಟ್ಟಿತು. ಅಪ್ಪ ಯಾನ್, ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ನುಡಿಸುತ್ತಿದ್ದ ಡಚ್ ಸಂಗೀತಗಾರ. ತಾಯಿ ಯುಜೀನಿಯಾ ಹುಟ್ಟಿದ್ದು ಡಚ್ಚರ ವಸಾಹತಾಗಿದ್ದ ಇಂಡೋನೇಷ್ಯಾದಲ್ಲಿ. ಆ ಮಗುವಿನ ಹೆಸರು ಅಲೆಕ್ಸ್ ವ್ಯಾನ್ ಹ್ಯಾಲೆನ್. ತಮ್ಮ ಎಡ್ಡಿಯ ಗಿಟಾರಿಗೆ ಡ್ರಮ್ಸ್ ಜೋಡಿಸಿ ‘ವ್ಯಾನ್ ಹ್ಯಾಲೆನ್’ ಎಂಬ ಬ್ಯಾಂಡು ಕಟ್ಟಿ ಅಮೆರಿಕದ ರಾಕ್ ಸಂಗೀತವನ್ನೇ ನಡುಗಿಸಿದ ಅಲೆಕ್ಸ್!

ರಾಕ್ ಚರಿತ್ರೆಯ ತೇದಿಪಟ್ಟಿಗಳನ್ನು ಓದುವ ಚಟ ಇರುವವರಿಗೆ ಒಂದೇ ದಿನ ಇಬ್ಬರು ಕಲಾವಿದರು ಹುಟ್ಟುವುದು ಹೊಸದಲ್ಲ. ಆದರೆ ಈ ಇಬ್ಬರ ಜಾತಕ ಹಿಡಿದು ಕೂತರೆ ಮೈ ಜುಮ್ಮೆನ್ನುತ್ತದೆ. ಒಬ್ಬ ಹುಟ್ಟಿದ್ದು ಯೂರೋಪಿನ ವಸಾಹತಿನಲ್ಲಿ, ಇನ್ನೊಬ್ಬ ಯೂರೋಪಿನಲ್ಲೇ, ಆದರೆ ವಸಾಹತಿನಿಂದ ಬಂದ ತಾಯಿಯ ಮಡಿಲಲ್ಲಿ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತದ ಕೈಸೇರಿದಾಗ ರೆಮೋಗೆ ಎಂಟು ವರ್ಷ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವನ ದೇಶ ಬದಲಾಗಿತ್ತು. ಅದಾದ ಕೆಲವೇ ತಿಂಗಳಿಗೆ, 1962ರಲ್ಲಿ, ವ್ಯಾನ್ ಹ್ಯಾಲೆನ್ ಕುಟುಂಬ ಗಂಟುಮೂಟೆ ಕಟ್ಟಿ ಹಡಗು ಹತ್ತಿ ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿತು. ಅಲೆಕ್ಸನಿಗೂ ಆಗ ಎಂಟೇ ವರ್ಷ, ಅವನ ದೇಶವೂ ಬದಲಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. 2007ರಲ್ಲಿ ವ್ಯಾನ್ ಹ್ಯಾಲೆನ್ ಬ್ಯಾಂಡು ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. ರೆಮೋ ಅವರಿಗೆ ಪದ್ಮಶ್ರೀ ಬಂದದ್ದು ಯಾವ ವರ್ಷ ಗೊತ್ತೇ? 2007!

ಇವರಿಬ್ಬರೂ ಹುಟ್ಟಿದ ಆ ದಿನ ರಾಕ್ ಆಂಡ್ ರೋಲ್ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಎಲ್ವಿಸ್ ಪ್ರೀಸ್ಲಿ ಆಗ ಮೆಂಫಿಸ್‌ನಲ್ಲಿ ಹೈಸ್ಕೂಲು ಮುಗಿಸಲು ಕಾದಿದ್ದ ಹುಡುಗ, ಒಂದು ಹಾಡೂ ರೆಕಾರ್ಡಾಗಿರಲಿಲ್ಲ. ಬಿಲ್ ಹೇಲಿ ‘ರಾಕ್ ಅರೌಂಡ್ ದಿ ಕ್ಲಾಕ್’ ಧ್ವನಿಮುದ್ರಿಸಿದ್ದು ಮುಂದಿನ ವರ್ಷದ ಏಪ್ರಿಲ್ 12ಕ್ಕೆ. ಅಂದರೆ ಪಣಜಿಯ ಕೂಸು ಆ ಹಾಡಿಗಿಂತ ಹನ್ನೊಂದು ತಿಂಗಳು ದೊಡ್ಡದು!

ಆ ಹಾಡು ಗೋವಾಕ್ಕೆ ಬಂದ ಬಗೆಯೂ ಸೊಗಸು. ರೆಮೋಗೆ ಏಳು ವರ್ಷವಾಗಿದ್ದಾಗ ಲಂಡನ್ನಿನಿಂದ ಊರಿಗೆ ಬಂದ ನೆಂಟರೊಬ್ಬರು ಬಿಲ್ ಹೇಲಿಯ ರೆಕಾರ್ಡು ತಂದರು. ಪ್ಲೇಯರಿನ ಮೇಲೆ ತಟ್ಟೆ ತಿರುಗಿತು, ಮುಳ್ಳು ಇಳಿಯಿತು, ಹುಡುಗ ಹುಚ್ಚನಾದ. ಅಲ್ಲಿಂದ ಎಲ್ವಿಸ್, ಕ್ಲಿಫ್ ರಿಚರ್ಡ್, ಬೀಟಲ್ಸ್. ಶಾಲೆಯಲ್ಲಿರುವಾಗಲೇ ಸ್ನೇಹಿತರ ಜೊತೆ ಬ್ಯಾಂಡು.

ಆದರೆ ಗೋವೆಯ ನೆಲದಲ್ಲಿ ಇದು ಎಲ್ಲಿಂದಲೋ ಉದುರಿದ ಬೀಜವಲ್ಲ. ನಾನೂರು ವರ್ಷಗಳಿಂದ ಇಲ್ಲಿನ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು, ಸ್ವರಲಿಪಿ ಕಲಿಸುತ್ತ ಬಂದಿದ್ದರು. ಲಿಪಿ ನೋಡಿ ನುಡಿಸಬಲ್ಲ ಆ ಹುಡುಗರೇ ಮುಂಬಯಿಯ ಜಾಝ್ ಬ್ಯಾಂಡುಗಳಿಗೆ, ಹಿಂದಿ ಸಿನಿಮಾ ವಾದ್ಯವೃಂದಗಳಿಗೆ ಬೆನ್ನೆಲುಬಾದವರು. ಆಲ್ಡೋನಾದ ಚಿಕ್ ಚಾಕೊಲೇಟ್, ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್, ಶಂಕರ್-ಜೈಕಿಶನ್ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ. ಅದರ ಜೊತೆಗೆ ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಗುಮಟೆಯ ತಾಳ ಬೇರೆ. ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗ್ ಕೇಳಿದವರಿಗೆ ಆ ನಾದದ ಪರಿಚಯ ಉಂಟು. ಕಾಳಿ ನದಿಯ ಆಚೆಗೂ ಈಚೆಗೂ ಒಂದೇ ಸದ್ದು. ಇಂಥ ನೆಲದ ಮೇಲೆ ಬಿಲ್ ಹೇಲಿಯ ತಟ್ಟೆ ತಿರುಗಿದರೆ ಸುಮ್ಮನೆ ಇರುತ್ತದೆಯೇ?

ಈಗ ಮೇ 8ಕ್ಕೆ ಮರಳೋಣ, ಏಕೆಂದರೆ ಈ ತೇದಿಯ ಉಗ್ರಾಣ ಇನ್ನೂ ಅರ್ಧವೂ ತೆರೆದಿಲ್ಲ.

1911ರ ಮೇ 8. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೇಝಲ್‌ಹರ್ಸ್ಟ್ ಎಂಬ ಊರಿನಲ್ಲಿ ಹುಟ್ಟಿದವನು ರಾಬರ್ಟ್ ಜಾನ್ಸನ್. ಬ್ಲೂಸ್ ಸಂಗೀತದ ಈ ಅಲೆಮಾರಿ 1936 ಮತ್ತು 37ರಲ್ಲಿ ಟೆಕ್ಸಾಸಿನಲ್ಲಿ ಹಾಡಿ ಬಿಟ್ಟುಹೋದದ್ದು 29 ಹಾಡುಗಳು ಮಾತ್ರ. 1938ರಲ್ಲಿ, 27ನೇ ವಯಸ್ಸಿಗೇ ತೀರಿಹೋದ. ಆದರೆ ಆ 29 ಹಾಡುಗಳಿಲ್ಲದೆ ರೋಲಿಂಗ್ ಸ್ಟೋನ್ಸ್ ಇಲ್ಲ, ಎರಿಕ್ ಕ್ಲಾಪ್ಟನ್ ಇಲ್ಲ. ಆ ಹಾಡುಗಳ ರೆಕಾರ್ಡನ್ನು ಮೊದಲ ಸಲ ಕೇಳಿದ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್, ಇವನ ಜೊತೆ ಗಿಟಾರ್ ನುಡಿಸುತ್ತಿರುವ ಇನ್ನೊಬ್ಬ ಯಾರು ಎಂದು ಕೇಳಿದನಂತೆ. ಇನ್ನೊಬ್ಬ ಇರಲೇ ಇಲ್ಲ! ಹೆಬ್ಬೆರಳಲ್ಲಿ ಮಂದ್ರದ ತಂತಿ, ಉಳಿದ ಬೆರಳುಗಳಲ್ಲಿ ಮೇಲಿನ ತಂತಿ, ಗಂಟಲಲ್ಲಿ ಹಾಡು. ಒಬ್ಬನೇ ಇಬ್ಬರಾಗಿ, ಮೂವರಾಗಿ ಕೇಳಿಸುತ್ತಿದ್ದ. ಈ ಮಾತು ನೆನಪಿಟ್ಟುಕೊಳ್ಳಿ, ಶಿವೊಲಿಗೆ ಹೋದಾಗ ಬೇಕಾಗುತ್ತದೆ.

ಇನ್ನು ರೆಮೋ ಹುಟ್ಟುಹಬ್ಬಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಹುಡುಗನಿಗೆ ಹನ್ನೆರಡು ತುಂಬಿದ ದಿನ, 1965ರ ಮೇ 8, ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ಬಾಬ್ ಡಿಲನ್ ನಿಂತಿದ್ದಾನೆ. ಕೈಯಲ್ಲಿ ಹಾಡಿನ ಪದಗಳನ್ನು ಬರೆದ ರಟ್ಟುಗಳ ಕಟ್ಟು. ಹಾಡು ಓಡುತ್ತಿದೆ, ಡಿಲನ್ ತುಟಿ ಬಿಚ್ಚದೆ ಒಂದೊಂದೇ ರಟ್ಟು ತೋರಿಸಿ ಕೆಳಗೆ ಬಿಸಾಡುತ್ತಿದ್ದಾನೆ. ಪೆನ್ನೆಬೇಕರ್ ಎಂಬ ನಿರ್ದೇಶಕ ಅದನ್ನು ಕ್ಯಾಮೆರಾದಲ್ಲಿ ಹಿಡಿದ. ಇಂದು ನಾವು ಮ್ಯೂಸಿಕ್ ವಿಡಿಯೊ ಎನ್ನುವ ಪ್ರಕಾರದ ಮುತ್ತಜ್ಜಂದಿರಲ್ಲಿ ಅದೂ ಒಂದು. ಹಿನ್ನೆಲೆಯಲ್ಲಿ ಗಡ್ಡಬಿಟ್ಟು ನಿಂತವನು ಕವಿ ಅಲೆನ್ ಗಿನ್ಸ್‌ಬರ್ಗ್. ಅದಕ್ಕೆ ಎರಡು ವರ್ಷ ಹಿಂದಷ್ಟೇ ಕಾಶಿಯ ಘಟ್ಟಗಳಲ್ಲಿ ಅಲೆಯುತ್ತಿದ್ದವನು!

ರೆಮೋಗೆ ಹದಿನೇಳು ತುಂಬಿದ ದಿನ, 1970ರ ಮೇ 8. ಮತ್ತೆ ಶುಕ್ರವಾರ. ಆ ದಿನ ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದು ‘ಲೆಟ್ ಇಟ್ ಬಿ’, ಬೀಟಲ್ಸರ ಕಟ್ಟಕಡೆಯ ಆಲ್ಬಂ. ತಾನು ಬೀಟಲ್ಸ್ ಬಿಟ್ಟೆನೆಂಬ ಪಾಲ್ ಮೆಕಾರ್ಟ್ನಿಯ ಮಾತು ಪತ್ರಿಕೆಗಳಲ್ಲಿ ಬಂದು ತಿಂಗಳಾಗಿತ್ತಷ್ಟೆ. ಮುರಿದ ಮನೆಯಿಂದ ಬಂದ ಆ ತಟ್ಟೆಯ ಒಂದು ಹಾಡಿನಲ್ಲಿ ಗುರುವಿಗೆ ಸಂಸ್ಕೃತದ ಜಯಕಾರವಿದೆ. ಬೀಟಲ್ಸರನ್ನೇ ಉಸಿರಾಡುತ್ತಿದ್ದ ಗೋವೆಯ ಹುಡುಗನ ಹದಿನೇಳನೇ ಹುಟ್ಟುಹಬ್ಬಕ್ಕೆ ಅವರ ಕೊನೆಯ ತಟ್ಟೆ. ಕಥೆಗಾರ ಬರೆದಿದ್ದರೆ ಇದು ಅತಿಯಾಯಿತು ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಇಪ್ಪತ್ನಾಲ್ಕು ತುಂಬಿದ ದಿನ, 1977ರ ಮೇ 8, ಭಾನುವಾರ. ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಲ್ಲೂ ಹೊರಗೆ ಹಿಮ ಬೀಳುತ್ತಿದ್ದ ಆ ರಾತ್ರಿ ‘ಗ್ರೇಟ್‌ಫುಲ್ ಡೆಡ್’ ಬ್ಯಾಂಡು ನುಡಿಸಿದ ಕಛೇರಿಯನ್ನು ಅವರ ಜೀವಮಾನದ ಶ್ರೇಷ್ಠ ಕಛೇರಿ ಎನ್ನುವವರು ಸಾವಿರಾರು ಮಂದಿ. ಅದರ ಕಥೆ ಕೇಳಬೇಕು. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿ ತಂತ್ರಜ್ಞೆ ಹಿಡಿದಿಟ್ಟಿದ್ದ ಟೇಪುಗಳು ಬಾಡಿಗೆ ಸಂದಾಯವಾಗದ ಗೋದಾಮಿನಿಂದ ಹರಾಜಾಗಿ ಯಾರ್ಯಾರದೋ ಪಾಲಾದವು. ಆದರೂ ಆ ಸಂಗೀತ ಸಾಯಲಿಲ್ಲ. ಅಭಿಮಾನಿಗಳು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಅಂಚೆಯಲ್ಲಿ ಕಳಿಸಿ, ಕೈಯಿಂದ ಕೈಗೆ ದಾಟಿಸಿ ದಶಕಗಳ ಕಾಲ ಕಾಪಾಡಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿತು. ಅಧಿಕೃತ ಆಲ್ಬಂ ಬಂದದ್ದು 2017ರಲ್ಲಿ, ನಲವತ್ತು ವರ್ಷ ತಡವಾಗಿ!

ಇಲ್ಲಿ ಹೊಳೆಯಿತು ನೋಡಿ. ಮೇ 8ರ ಈ ಕಥೆಗಳ ನಡುವೆ ಒಂದು ದಾರವೂ ಓಡುತ್ತಿದೆ: ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದೆಯೂ ಬದುಕಿದ ಸಂಗೀತ. ಆ ದಾರದ ತುದಿ ಇರುವುದು ಗೋವೆಯ ಶಿವೊಲಿಯಲ್ಲಿ.

ಮುಂಬಯಿಯ ಜೆ.ಜೆ. ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದ ರೆಮೋ 1970ರ ದಶಕದ ಕೊನೆಯ ವರ್ಷಗಳಲ್ಲಿ ಬೆನ್ನಿಗೆ ಚೀಲ, ಕೈಗೆ ಗಿಟಾರು ಏರಿಸಿ ಹೊರಟರು. ಸಿಕ್ಕ ವಾಹನಕ್ಕೆ ಕೈತೋರಿಸುತ್ತ ಯೂರೋಪು, ಉತ್ತರ ಆಫ್ರಿಕ ಸುತ್ತಿದರು. ಆ ಕಾಲದಲ್ಲಿ ಯೂರೋಪು, ಅಮೆರಿಕದ ತರುಣರು ಬಸ್ಸು ಹಿಡಿದು ಗೋವೆಯ ಅಂಜುಣಾ ಕಡಲತೀರಕ್ಕೆ ದಂಡುದಂಡಾಗಿ ಬರುತ್ತಿದ್ದರು. ಗ್ರೇಟ್‌ಫುಲ್ ಡೆಡ್ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಿಂದಲೇ ಬಂದು ನೆಲೆನಿಂತ ಗಿಲ್ಬರ್ಟ್ ಲೆವಿ ಎಂಬಾತ ಮುಂದೆ ‘ಗೋವಾ ಗಿಲ್’ ಆಗಿ ಗೋವಾ ಟ್ರಾನ್ಸ್ ಎಂಬ ಸಂಗೀತಕ್ಕೇ ಹಿರಿಯನೆನಿಸಿದ. ಲೋಕವೆಲ್ಲ ಗೋವೆಯ ಕಡೆ ಬರುತ್ತಿರುವಾಗ ಗೋವೆಯ ಹುಡುಗ ಲೋಕದ ಕಡೆ ನಡೆದ. ಮತ್ತೆ ತಿರುಗಿ ಬಂದದ್ದು ಮಾತ್ರ ಊರಿಗೇ.

ಊರಿಗೆ ಬಂದು ಮಾಡಿದ್ದೇನು? ಮುಂಬಯಿಯ ರೆಕಾರ್ಡು ಕಂಪನಿಗಳು ಒಲ್ಲೆ ಎಂದಾಗ ಶಿವೊಲಿಯ ಮನೆಯನ್ನೇ ಸ್ಟುಡಿಯೊ ಮಾಡಿದರು. ಸಲಕರಣೆ ಎಂದರೆ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರು.

ಈ ಯಂತ್ರದ ಬಳಿ ಸ್ವಲ್ಪ ಹೊತ್ತು ಕೂರಲೇಬೇಕು. ಕ್ಯಾಸೆಟ್ಟಿನ ರಿಬ್ಬನ್ನಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಅಷ್ಟು ಅಗಲದೊಳಗೆ ನಾಲ್ಕು ಗೆರೆ: ‘ಎ’ ಬದಿಗೆ ಎಡ-ಬಲ ಎರಡು, ತಿರುಗಿಸಿ ಹಾಕಿದರೆ ‘ಬಿ’ ಬದಿಗೆ ಎರಡು. 1979ರಲ್ಲಿ ಜಪಾನಿನ ಟೀಯಾಕ್ ಕಂಪನಿ ‘ಪೋರ್ಟಾಸ್ಟುಡಿಯೊ’ ಎಂಬ ಪೆಟ್ಟಿಗೆ ತಂದಿತು. ಅದರಲ್ಲಿ ನಾಲ್ಕೂ ಗೆರೆ ಒಂದೇ ದಿಕ್ಕಿಗೆ ಓಡುತ್ತವೆ. ಮೊದಲ ಗೆರೆಯಲ್ಲಿ ಗಿಟಾರು ತುಂಬಿಸಿ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯದರಲ್ಲಿ ತಾಳ ಹಾಕಿ. ಎರಡನ್ನೂ ಕೇಳುತ್ತ ಮೂರನೆಯದರಲ್ಲಿ ಬೇಸ್ ನುಡಿಸಿ. ಈಗ ಮೂರನ್ನೂ ಹದವಾಗಿ ಬೆರೆಸಿ ನಾಲ್ಕನೆಯ ಗೆರೆಗೆ ಸುರಿಯಿರಿ. ಮೊದಲ ಮೂರು ಮತ್ತೆ ಖಾಲಿ! ಅಲ್ಲಿ ಕೊಳಲು, ಮೇಳದ ದನಿ, ಹಾಡು. ಆದರೆ ಒಮ್ಮೆ ಬೆರೆಸಿ ಮೂಲ ಅಳಿಸಿದ ಮೇಲೆ ಬೇರ್ಪಡಿಸುವ ಮಾತಿಲ್ಲ. ಪ್ರತಿ ಸಲ ಸುರಿದಾಗಲೂ ಟೇಪಿನ ‘ಸ್’ ಎಂಬ ಸದ್ದು ಒಂದಿಷ್ಟು ಏರುತ್ತದೆ. ಮುಂದೆ ಬರಲಿರುವ ಹಾಡು ಪೂರ್ತಿಯಾಗಿ ತಲೆಯೊಳಗೆ ಮೊದಲೇ ಕೇಳಿಸಿರಬೇಕು, ಇಲ್ಲದಿದ್ದರೆ ಕೆಲಸ ಕೆಟ್ಟಿತು. ಬೀಟಲ್ಸರು 1967ರ ‘ಸಾರ್ಜೆಂಟ್ ಪೆಪ್ಪರ್’ ಮಾಡಿದ್ದೂ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ, ಹೀಗೇ ಸುರಿಸುರಿದು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯ ಕೋಣೆಯಲ್ಲಿ ಕೂತು ‘ನೆಬ್ರಾಸ್ಕ’ ಹಾಡುಗಳನ್ನು ಹಾಡಿದ್ದು ಇಂಥದೇ ಕ್ಯಾಸೆಟ್ ಪೆಟ್ಟಿಗೆಯಲ್ಲಿ.

ಅದಾಗಿ ಎರಡೇ ವರ್ಷಕ್ಕೆ, 1984ರಲ್ಲಿ, ಬಂತು ರೆಮೋ ಅವರ ಆಲ್ಬಂ ‘ಗೋವನ್ ಕ್ರೇಝಿ’. ಎಲ್ಲ ವಾದ್ಯ ರೆಮೋ, ಎಲ್ಲ ದನಿ ರೆಮೋ, ಧ್ವನಿಮುದ್ರಣ ರೆಮೋ. ಕ್ಯಾಸೆಟ್ಟುಗಳನ್ನು ಗೋವೆಯ ಅಂಗಡಿ ಅಂಗಡಿಗೆ ಒಯ್ದು ಕೊಟ್ಟವರೂ ಅವರೇ. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ನೆನಪಾಯಿತೇ? ಅದೇ ತೇದಿಯಲ್ಲಿ ಹುಟ್ಟಿದ ಇನ್ನೊಬ್ಬ, ಒಬ್ಬನೇ ಕೂತು ಇಡೀ ಮೇಳವಾದ!

ಮುಂದಿನದು ನಿಮಗೆ ಗೊತ್ತಿರುವುದೇ. ಸಿನಿಮಾಗಳಲ್ಲಿ 1985ರಲ್ಲಿ ಶ್ಯಾಮ್ ಬೆನಗಲ್‌ರ ‘ತ್ರಿಕಾಲ್’, 1987ರಲ್ಲಿ ‘ಜಲ್ವಾ’, 1995ರಲ್ಲಿ ‘ಬಾಂಬೆ’ಯ ಹಿಂದಿ ‘ಹಮ್ಮಾ ಹಮ್ಮಾ’. ಪೆಪ್ಸಿ ಭಾರತಕ್ಕೆ ಬಂದ ಹೊಸತರಲ್ಲಿ ಜೂಹಿ ಚಾವ್ಲಾ ಜೊತೆ ಜಾಹೀರಾತಿನಲ್ಲಿ ಮಿಂಚಿದ್ದೂ ರೆಮೋ. ಅದರ ಎದುರಾಳಿ ಕೋಕಾ-ಕೋಲಾ ಅಟ್ಲಾಂಟದ ಔಷಧದಂಗಡಿಯೊಂದರಲ್ಲಿ ಮೊದಲ ಸಲ ಮಾರಾಟವಾದದ್ದು 1886ರ ಮೇ 8ಕ್ಕೆ. ಈ ತೇದಿ ಬಿಡಲೊಲ್ಲದು!

ಆದರೆ ನನ್ನ ಮಟ್ಟಿಗೆ ರೆಮೋ ಅವರ ದೊಡ್ಡ ಸಾಧನೆ ಸಿನಿಮಾ ಹಾಡುಗಳಲ್ಲ, ಆ ಕ್ಯಾಸೆಟ್ಟು. ಭಾರತದಲ್ಲಿ ಇಂಗ್ಲಿಷ್ ರಾಕ್ ಎಂದರೆ ಪರದೇಶದ ಹಾಡುಗಳ ನಕಲು ಎಂದೇ ನಡೆಯುತ್ತಿದ್ದ ಕಾಲದಲ್ಲಿ, ತನ್ನ ಹಳ್ಳಿಯ ಮನೆಯಲ್ಲಿ ಕೂತು, ತನ್ನ ಊರಿನ ಬಗ್ಗೆಯೇ ಸ್ವಂತ ಹಾಡು ಕಟ್ಟಿ, ಸ್ವಂತ ಕೈಯಿಂದ ಮಾರಿದ ಧೈರ್ಯ ಅದು. ಇವತ್ತು ಬೆಂಗಳೂರಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕನ್ನಡದ ಹಾಡು ಮಾಡಿ ತಾವೇ ಲೋಕಕ್ಕೆ ಬಿಡುವ ಹುಡುಗ ಹುಡುಗಿಯರೆಲ್ಲ ಆ ದಾರಿಯಲ್ಲೇ ನಡೆಯುತ್ತಿರುವವರು.

ಮುಂದಿನ ಮೇ 8ಕ್ಕೆ ಒಂದು ಕೆಲಸ ಮಾಡಿ. ರಾಬರ್ಟ್ ಜಾನ್ಸನ್‌ನ ಒಂದು ಹಾಡು, ‘ಲೆಟ್ ಇಟ್ ಬಿ’ಯ ಒಂದು, ಬಾರ್ಟನ್ ಹಾಲಿನ ಕಛೇರಿಯಿಂದ ಒಂದು, ವ್ಯಾನ್ ಹ್ಯಾಲೆನ್‌ರದು ಒಂದು ಕೇಳಿ. ಅವುಗಳ ಸಾಲಿನಲ್ಲೇ ‘ಗೋವನ್ ಕ್ರೇಝಿ’ಯ ಒಂದು ಹಾಡನ್ನೂ ಇಡಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಗೆರೆಯ ಮೇಲೆ ಗೆರೆ ಹೇಗೆ ಕೂತಿದೆ ಎಂಬುದು ತಿಳಿಯುತ್ತದೆ. ಜಗತ್ತಿನ ರಾಕ್ ತೇದಿಪಟ್ಟಿಯಲ್ಲಿ ಮೇ 8ರ ಎದುರು ಪಣಜಿಯ ಹೆಸರು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನಾವೇ ಬರೆದುಕೊಳ್ಳೋಣ.